ಅವಳು ಬೇಡ ಎಂದಿದ್ದರೆ?

ಮೊನ್ನೆ ನಮ್ಮೂರಿನ ಕಾಲೇಜೊಂದರ ವಾರ್ಷಿಕೋತ್ಸವಕ್ಕೆ ಹೋಗಿದ್ದೆ. ನನ್ನ ತಂಗಿಯ ಮೊಮ್ಮಗಳು ಅಲ್ಲಿ ಬಿ.ಎ. ಓದುತ್ತಾಳೆ. ಷೇಕ್ಸ್‌ಪಿಯರನ ‘ಐದನೆಯ ಹೆನ್ರಿ’ ನಾಟಕದ ಕೊನೆಯ ದೃಶ್ಯವನ್ನು ಮಕ್ಕಳೇ ಕನ್ನಡಕ್ಕೆ ಮಾಡಿಕೊಂಡು ಆಡಿದರು. ಯುದ್ಧ ಗೆದ್ದ ಇಂಗ್ಲೆಂಡಿನ ರಾಜ, ಸೋತ ಫ್ರಾನ್ಸಿನ ರಾಜಕುಮಾರಿ ಕ್ಯಾಥರೀನಳನ್ನು ಮದುವೆಗೆ ಒಪ್ಪಿಸುವ ದೃಶ್ಯ ಅದು. ರಾಜಕುಮಾರಿ ನಮ್ಮ ಹುಡುಗಿಯೇ. ಬಾಡಿಗೆಗೆ ತಂದ ಜರಿಯ ಲಂಗ ತೊಟ್ಟು, ತಲೆ ತಗ್ಗಿಸಿ, ಕಾಲ ಹೆಬ್ಬೆರಳಿನಿಂದ ನೆಲ ಕೆರೆದು ನಾಚಿಕೊಂಡಳು. ಸಭಾಂಗಣವೆಲ್ಲ ಸಿಳ್ಳೆ, ಚಪ್ಪಾಳೆ. ಪಕ್ಕದಲ್ಲಿ ಕೂತಿದ್ದ ನಿವೃತ್ತ ಅಧ್ಯಾಪಕರೊಬ್ಬರು ನನ್ನತ್ತ ಬಾಗಿ, “ಏನು ಸೊಗಸು ನೋಡಿ ಮೇಡಂ! ಅಷ್ಟು ದೊಡ್ಡ ಯುದ್ಧವೀರ ಒಬ್ಬ ಹುಡುಗಿಯ ಮುಂದೆ ಮಾತು ತೊದಲುತ್ತಾನಲ್ಲ, ಅದೇ ಷೇಕ್ಸ್‌ಪಿಯರ್” ಎಂದರು.

ನಾನು ಹೂಂಗುಟ್ಟಿದೆ. ಹೂಂಗುಟ್ಟಿದ್ದಕ್ಕೆ ಮನೆಗೆ ಬಂದ ಮೇಲೆ ನನ್ನ ಮೇಲೇ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಇದನ್ನು ಬರೆಯುತ್ತಿದ್ದೇನೆ. ಅವರನ್ನು ಬೈಯುವುದಕ್ಕೆ ನನಗೆ ಹಕ್ಕಿಲ್ಲ, ಗೆಳತಿಯರೇ. ಅವರು ಹೇಳಿದ್ದನ್ನೇ ನಾನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಸಂಬಳ ತೆಗೆದುಕೊಂಡು ಹೇಳಿದ್ದೇನೆ. ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದವಳು ನಾನು. ಗೈಡುಗಳಲ್ಲಿ ಈ ದೃಶ್ಯಕ್ಕೆ ‘ಹಾಸ್ಯಮಯ ಪ್ರಣಯ ನಿವೇದನೆ’ ಎಂದಿರುತ್ತಿತ್ತು. ನಾನು ಅದನ್ನೇ ಬೋರ್ಡಿನ ಮೇಲೆ ಬರೆಯುತ್ತಿದ್ದೆ, ಹುಡುಗಿಯರು ಅದನ್ನೇ ಪರೀಕ್ಷೆಯಲ್ಲಿ ಬರೆಯುತ್ತಿದ್ದರು, ನಾನೇ ಅಂಕ ಕೊಡುತ್ತಿದ್ದೆ.

1993ರಲ್ಲಿ ಒಂದು ದಿನ ಹೀಗೇ ಪಾಠ ನಡೆಯುತ್ತಿದ್ದಾಗ, ಹಳ್ಳಿಯಿಂದ ಬಸ್ಸಿನಲ್ಲಿ ಬಂದುಹೋಗುತ್ತಿದ್ದ, ಹಿಂದಿನ ಬೆಂಚಿನಲ್ಲೇ ಕೂರುತ್ತಿದ್ದ ಹುಡುಗಿಯೊಬ್ಬಳು ಎದ್ದು ನಿಂತಳು. ವರ್ಷವಿಡೀ ಬಾಯಿ ಬಿಟ್ಟವಳಲ್ಲ. “ಮೇಡಂ, ಅವಳು ಬೇಡ ಅಂದಿದ್ರೆ?” ಎಂದು ಕೇಳಿದಳು. ನಾನು ನಗುತ್ತಾ, “ಬೇಡ ಅಂದ್ರೆ ನಾಟಕ ಮುಗಿಯೋದು ಹೇಗಮ್ಮಾ?” ಎಂದೆ. ತರಗತಿಯೆಲ್ಲ ಗೊಳ್ಳೆಂದಿತು. ಅವಳು ಕೂತಳು. ಎರಡು ವಾರದ ನಂತರ ಅವಳು ಬರುವುದು ನಿಂತಿತು. ಮದುವೆ ಗೊತ್ತಾಗಿತ್ತು, ಪರೀಕ್ಷೆಗೂ ಕೂರಲಿಲ್ಲ ಎಂದು ಅವಳ ಜೊತೆಯವರು ಹೇಳಿದರು. ಆ ಪ್ರಶ್ನೆ ಕೇಳಿದ್ದು ಕ್ಯಾಥರೀನಳ ಬಗ್ಗೆ ಆಗಿರಲಿಲ್ಲ ಎಂದು ನನಗೆ ಹೊಳೆಯುವಷ್ಟರಲ್ಲಿ ತಡವಾಗಿತ್ತು.

ಅಂದಿನಿಂದ ಆ ನಾಟಕವನ್ನು ನಾನು ಆ ಹುಡುಗಿಯ ಕಣ್ಣಿನಿಂದ ಓದುವುದಕ್ಕೆ ಶುರುಮಾಡಿದೆ. ಓದುತ್ತ ಹೋದಂತೆ ನನಗೆ ತಿಳಿದದ್ದು ಇಷ್ಟು: ನಮಗೆ ಈ ಯುದ್ಧದ ನಾಟಕಗಳನ್ನು ಕಲಿಸಿದವರು ಅದರೊಳಗಿನ ಅರ್ಧ ಪಾತ್ರಗಳನ್ನು ನಮ್ಮಿಂದ ಮುಚ್ಚಿಟ್ಟರು. ನಾಟಕಕಾರ ಬರೆದಿಟ್ಟದ್ದನ್ನೂ ಮುಚ್ಚಿಟ್ಟರು. ಆ ಮುಚ್ಚಿಟ್ಟವರಲ್ಲಿ ನಾನೂ ಒಬ್ಬಳು.

ಮೊದಲು ಲೆಕ್ಕ ಹಾಕೋಣ. 1599ರಲ್ಲಿ ಬರೆದ ಈ ನಾಟಕದಲ್ಲಿ ಮಾತಾಡುವ ಪಾತ್ರಗಳು ನಲವತ್ತರ ಆಸುಪಾಸು ಇವೆ. ರಾಜರು, ರಾಜಕುಮಾರರು, ಬಿಷಪ್ಪರು, ದಂಡನಾಯಕರು, ರಾಯಭಾರಿಗಳು, ಸಿಪಾಯಿಗಳು, ಕಳ್ಳರು. ಹೆಂಗಸರು ನಾಲ್ವರು: ಫ್ರಾನ್ಸಿನ ರಾಣಿ ಇಸಾಬೆಲ್, ಅವಳ ಮಗಳು ಕ್ಯಾಥರೀನ್, ಮಗಳ ಸಖಿ ಆಲಿಸ್, ಲಂಡನ್ನಿನ ಹೆಂಡದಂಗಡಿಯ ಒಡತಿ ನೆಲ್ ಕ್ವಿಕ್ಲಿ. 23 ದೃಶ್ಯಗಳಲ್ಲಿ ಈ ನಾಲ್ವರು ಕಾಣಿಸಿಕೊಳ್ಳುವುದು ನಾಲ್ಕೇ ದೃಶ್ಯಗಳಲ್ಲಿ. ಷೇಕ್ಸ್‌ಪಿಯರನ ಕಾಲದಲ್ಲಿ ಅವರ ವೇಷ ಹಾಕುತ್ತಿದ್ದವರೂ ಹುಡುಗರೇ. “ಯುದ್ಧದ ನಾಟಕ ತಾನೆ, ಹೆಂಗಸರಿಗೇನು ಕೆಲಸ?” ಎನ್ನುತ್ತೀರಾ? ಇರಿ. ಆ ಯುದ್ಧ ಶುರುವಾದದ್ದೇ ಒಬ್ಬ ಹೆಂಗಸಿನ ಹೆಸರಿನಲ್ಲಿ.

ನಾಟಕದ ಆರಂಭದಲ್ಲಿ ಆರ್ಚ್‌ಬಿಷಪ್ಪನೊಬ್ಬ ದೊಡ್ಡ ಭಾಷಣ ಮಾಡುತ್ತಾನೆ. ಹೆಣ್ಣಿನ ಕಡೆಯಿಂದ ಸಿಂಹಾಸನದ ಹಕ್ಕು ಬರುವುದಿಲ್ಲ ಎಂದು ಫ್ರೆಂಚರು ಹೇಳುವ ಸಾಲಿಕ್ ಕಾಯಿದೆ ಫ್ರಾನ್ಸಿಗೆ ಅನ್ವಯಿಸುವುದೇ ಇಲ್ಲ, ಅದು ಜರ್ಮನಿಯ ಯಾವುದೋ ನೆಲದ ಕಾಯಿದೆ ಎಂದು ವಾದಿಸುತ್ತಾನೆ. ಮಗನಿಲ್ಲದವನ ಆಸ್ತಿ ಮಗಳಿಗೆ ಸೇರಬೇಕೆಂದು ಬೈಬಲ್ಲನ್ನೂ ಸಾಕ್ಷಿಗೆ ಎಳೆಯುತ್ತಾನೆ. ಹೆನ್ರಿ, ಮೂರನೆಯ ಎಡ್ವರ್ಡನ ಮರಿಮಗ. ಎಡ್ವರ್ಡನ ತಾಯಿ ಇಸಾಬೆಲ್ಲಾ ಫ್ರಾನ್ಸಿನ ರಾಜನ ಮಗಳು. ಆ ಅಜ್ಜಿಯ ಮೂಲಕ ಫ್ರಾನ್ಸು ತನ್ನದು ಎಂಬುದೇ ಹೆನ್ರಿಯ ಹಕ್ಕೊತ್ತಾಯ. ಓದುವಾಗ ರೋಮಾಂಚನವಾಗುತ್ತದೆ, ಆಹಾ, ಹೆಣ್ಣಿನ ಹಕ್ಕಿಗಾಗಿ ಯುದ್ಧ!

ಆದರೆ ಇದೇ ನ್ಯಾಯವನ್ನು ಇಂಗ್ಲೆಂಡಿಗೆ ಅನ್ವಯಿಸಿದರೆ ಹೆನ್ರಿ ರಾಜನಾಗಿ ಉಳಿಯುತ್ತಿರಲಿಲ್ಲ. ಎಡ್ವರ್ಡನ ಮಕ್ಕಳಲ್ಲಿ ಹೆನ್ರಿಯ ಅಜ್ಜನಿಗಿಂತ ಹಿರಿಯನಾದ ಲಯನೆಲ್‌ಗೆ ಫಿಲಿಪಾ ಎಂಬ ಮಗಳಿದ್ದಳು. ಅವಳ ಮೊಮ್ಮಗ ಎಡ್ಮಂಡ್ ಮಾರ್ಟಿಮರ್ ಆಗ ಜೀವಂತ ಇದ್ದ. ಹೆಣ್ಣಿನ ಕಡೆಯ ಹಕ್ಕು ನಿಜವಾದ ಹಕ್ಕಾದರೆ ಕಿರೀಟ ಅವನದು. ಅವನ ಪರವಾಗಿ ಸಂಚು ಮಾಡಿದವರ ತಲೆ 1415ರಲ್ಲೇ ಹಾರಿಹೋಯಿತು. ನಾಟಕದಲ್ಲಿ ಆ ಸಂಚುಕೋರರು ಬರುತ್ತಾರೆ, ಮಾರ್ಟಿಮರನ ಹೆಸರು ಮಾತ್ರ ಬರುವುದಿಲ್ಲ. ಸಮುದ್ರದಾಚೆ ಬೇರೆಯವರ ಮನೆಯಲ್ಲಿ ಹೆಣ್ಣಿಗೆ ಹಕ್ಕುಂಟು, ನಮ್ಮ ಮನೆಯಲ್ಲಿಲ್ಲ. ಈ ನ್ಯಾಯ ನಿಮಗೆ ಎಲ್ಲೋ ಕೇಳಿದಂತೆ ಅನಿಸುತ್ತಿಲ್ಲವೇ? ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಎಂಬ ಕಾನೂನು 1994ರಲ್ಲೇ ಬಂತು. ಹೆಂಡತಿಯ ತವರಿನ ಪಾಲಿಗೆ ಕೋರ್ಟು ಹತ್ತಿಸುವ ಗಂಡಸೇ ತಂಗಿಯ ಮುಂದೆ ಹಕ್ಕು ಬಿಡುಗಡೆ ಪತ್ರ ಹಿಡಿದು, ಅರಿಸಿನ ಕುಂಕುಮದ ಜೊತೆಗೆ ಪೆನ್ನು ಕೊಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನೀವೂ ಕಂಡಿರುತ್ತೀರಿ.

ಇನ್ನು ವರದಕ್ಷಿಣೆಯ ವಿಷಯ. ಮೂರನೆಯ ಅಂಕಕ್ಕೆ ಮುಂಚೆ ಸೂತ್ರಧಾರ ಬಂದು ಒಂದು ಮಾತು ಹೇಳಿಹೋಗುತ್ತಾನೆ. ಫ್ರಾನ್ಸಿನ ರಾಜ ಮಗಳನ್ನು ಕೊಡುತ್ತೇನೆ ಎಂದಿದ್ದಾನೆ, ಜೊತೆಗೆ ಬಳುವಳಿಯಾಗಿ ಒಂದಷ್ಟು ಪ್ರಾಂತ್ಯಗಳನ್ನೂ. ಆ ಪ್ರಾಂತ್ಯಗಳು ಸಣ್ಣವು, ಅದರಿಂದ ಲಾಭವಿಲ್ಲ, ಹೆನ್ರಿಗೆ ಅದು ಹಿಡಿಸಲಿಲ್ಲ. ಮರುಕ್ಷಣವೇ ಫಿರಂಗಿ ಹಾರುತ್ತದೆ. ಇತಿಹಾಸದಲ್ಲೂ ಈ ಚೌಕಾಸಿ ನಡೆದದ್ದು ನಿಜ. ಇಂಗ್ಲಿಷರು ಮೊದಲು 20 ಲಕ್ಷ ಕ್ರೌನ್ ಕೇಳಿದರು, ಆಮೇಲೆ 10 ಲಕ್ಷಕ್ಕೆ ಇಳಿದರು. ಫ್ರೆಂಚರು 8 ಲಕ್ಷದವರೆಗೆ ಏರಿದರು. ಮಾತು ಮುರಿಯಿತು. ಇಪ್ಪತ್ತು ವರ್ಷ ಪಾಠ ಮಾಡಿದ ನಾನು ಒಮ್ಮೆಯಾದರೂ ತರಗತಿಯಲ್ಲಿ ‘ವರದಕ್ಷಿಣೆ ಸಾಲದು’ ಎಂಬ ಸರಳ ಕನ್ನಡವನ್ನು ಇದಕ್ಕೆ ಬಳಸಲಿಲ್ಲ. ‘ರಾಜತಾಂತ್ರಿಕ ಮಾತುಕತೆ’ ಎಂದೆ. ಇಂಗ್ಲಿಷಿನಲ್ಲಿ ಹೇಳಿದರೆ ಎಲ್ಲವೂ ಗೌರವಸ್ಥವಾಗಿ ಕೇಳಿಸುತ್ತದೆ.

ಹಾರ್‌ಫ್ಲರ್ ಎಂಬ ಊರಿನ ಕೋಟೆಗೆ ಮುತ್ತಿಗೆ ಹಾಕಿದ ಹೆನ್ರಿ ಅಲ್ಲಿನ ಅಧಿಕಾರಿಗೆ ಕೊಡುವ ಎಚ್ಚರಿಕೆಯನ್ನು ಎಷ್ಟು ಜನ ಓದಿದ್ದೀರಿ? ಶರಣಾಗದಿದ್ದರೆ ನನ್ನ ಸಿಪಾಯಿಗಳು ನಿಮ್ಮ ಹೆಣ್ಣುಮಕ್ಕಳನ್ನು ಕೆಡಿಸುತ್ತಾರೆ, ಮುದುಕರ ತಲೆ ಗೋಡೆಗೆ ಅಪ್ಪಳಿಸುತ್ತಾರೆ, ಹಸುಗೂಸುಗಳನ್ನು ಈಟಿಗೆ ಚುಚ್ಚುತ್ತಾರೆ, ತಾಯಂದಿರು ಹುಚ್ಚಿಯರ ಹಾಗೆ ಚೀರುತ್ತಾರೆ. ಇದು ಅವನ ಮಾತಿನ ಸಾರಾಂಶ. ಇದಕ್ಕೂ ಹೆಚ್ಚು ನನ್ನನ್ನು ಕಲಕಿದ್ದು ಅದರ ನಡುವೆ ಬರುವ ವಾದ: ಹಾಗೆಲ್ಲ ಆದರೆ ಅದಕ್ಕೆ ನಾನಲ್ಲ, ನೀವೇ ಕಾರಣ ಎನ್ನುತ್ತಾನೆ. ಕೈಯೆತ್ತಿದವನದಲ್ಲ ತಪ್ಪು, ಎತ್ತುವ ಹಾಗೆ ಮಾಡಿದವಳದ್ದು! ನಮ್ಮ ಬೀದಿಯ ಕಡೆಯ ಮನೆಯಿಂದ ರಾತ್ರಿ ಕೇಳಿಬರುವ ಮಾತಿಗೂ ಇದಕ್ಕೂ ಏನು ವ್ಯತ್ಯಾಸ? ಅದು ಆಡುಮಾತು, ಇದು ಪದ್ಯ, ಅಷ್ಟೆ.

ಊರು ಶರಣಾಗುತ್ತದೆ. ಎಲ್ಲರಿಗೂ ಕರುಣೆ ತೋರಿಸಿ ಎಂದು ನಾಟಕದ ಹೆನ್ರಿ ಹೇಳುತ್ತಾನೆ. ಇತಿಹಾಸದ ಹೆನ್ರಿ ಆ ಊರಿನ ಹೆಂಗಸರು ಮಕ್ಕಳು ಬಡವರನ್ನು ಊರಿನಿಂದಲೇ ಹೊರಗೆ ಕಳಿಸಿದ.

ಈ ದೃಶ್ಯ ಮುಗಿದ ತಕ್ಷಣದ ದೃಶ್ಯ ಯಾವುದು ಗೊತ್ತೇ? ಕ್ಯಾಥರೀನ್ ತನ್ನ ಸಖಿ ಆಲಿಸಳಿಂದ ಇಂಗ್ಲಿಷ್ ಕಲಿಯುವುದು. ಬಹುಪಾಲು ಫ್ರೆಂಚಿನಲ್ಲೇ ಇರುವ ಈ ದೃಶ್ಯವನ್ನು ‘ತಮಾಷೆ’ ಎಂದು ನಾವು ದಾಟಿಬಿಡುತ್ತಿದ್ದೆವು. ಅವಳು ಕಲಿಯುವ ಪದಗಳು ಯಾವುವು ನೋಡಿ: ಕೈ, ಬೆರಳು, ಉಗುರು, ತೋಳು, ಮೊಣಕೈ, ಕುತ್ತಿಗೆ, ಗಲ್ಲ, ಪಾದ, ಉಡುಪು. ಹೆಣ್ಣುಮಕ್ಕಳ ಮೈಗೆ ಏನು ಮಾಡುತ್ತೇವೆ ಎಂದು ಈಗಷ್ಟೇ ಒಬ್ಬ ಗಂಡಸು ಘೋಷಿಸಿದ್ದಾನೆ. ಅದರ ಬೆನ್ನಿಗೇ ಒಬ್ಬ ಹುಡುಗಿ ತನ್ನ ಮೈಯ ಒಂದೊಂದೇ ಅಂಗಕ್ಕೆ ಆ ಗಂಡಸಿನ ಭಾಷೆಯಲ್ಲಿ ಹೆಸರು ಕಲಿಯುತ್ತಿದ್ದಾಳೆ. ಕಲಿಯಲೇಬೇಕು ಎನ್ನುತ್ತಾಳೆ. ಯಾಕೆ ಕಲಿಯಬೇಕು ಎಂದು ಯಾರೂ ಅವಳಿಗೆ ಹೇಳಿಲ್ಲ, ಆದರೂ ಅವಳಿಗೆ ಗೊತ್ತಿದೆ. ಮದುವೆ ಗೊತ್ತಾಗುವ ಮುಂಚೆಯೇ ಅತ್ತೆಮನೆಯ ಕಡೆಯವರ ಮಾತು, ಅವರ ಸಾರಿನ ಹದ ಕಲಿತುಕೊಳ್ಳುವ ಹುಡುಗಿಯರನ್ನು ನೀವು ನೋಡಿಲ್ಲವೇ? ಲಾರೆನ್ಸ್ ಒಲಿವಿಯರ್ 1944ರಲ್ಲಿ, ಮಹಾಯುದ್ಧದ ನಡುವೆ, ಈ ನಾಟಕವನ್ನು ಸಿನಿಮಾ ಮಾಡಿದಾಗ ಹುಡುಗಿಯ ಪಾಠವನ್ನು ಉಳಿಸಿಕೊಂಡು ರಾಜನ ಬೆದರಿಕೆಯನ್ನು ತೆಗೆದುಹಾಕಿದ. ಒಂದನ್ನು ತೆಗೆದ ಮೇಲೆ ಇನ್ನೊಂದು ಬರೀ ತಮಾಷೆಯಾಗಿ ಉಳಿಯಿತು.

ಹೆಂಡದಂಗಡಿಯ ನೆಲ್ ಕ್ವಿಕ್ಲಿಯ ಕತೆಗೆ ಬರೋಣ. ಇವಳನ್ನು ಕಂಡರೆ ನನಗೆ ಕರುಳು ಚುರ್ರೆನ್ನುತ್ತದೆ. ರಾಜನ ಹಳೆಯ ಗೆಳೆಯ ಫಾಲ್‌ಸ್ಟಾಫ್ ಸಾಯುವಾಗ ಹತ್ತಿರ ಕೂತು, ಹೊದಿಕೆಯೊಳಗೆ ಕೈಹಾಕಿ ಪಾದ ಮುಟ್ಟಿ, ಮೊಣಕಾಲು ಮುಟ್ಟಿ, ತಣ್ಣಗಾಗಿದೆಯೇ ಎಂದು ನೋಡಿದವಳು ಅವಳು. ರಾಜ ಬರಲಿಲ್ಲ. ಸಾವಿನ ಮನೆಯ ಈ ಕೆಲಸ ಯಾವ ದೇಶದಲ್ಲೂ ಹೆಂಗಸರದ್ದೇ. ಅವಳ ಗಂಡ ಪಿಸ್ಟಲ್ ಯುದ್ಧಕ್ಕೆ ಹೊರಡುತ್ತಾ, ಸಾಮಾನು ನೋಡಿಕೋ, ಯಾರನ್ನೂ ನಂಬಬೇಡ, ಸಾಲ ಕೊಡಬೇಡ ಎಂದು ಹೇಳಿಹೋಗುತ್ತಾನೆ. ಆಮೇಲೆ ಅವಳು ನಾಟಕದಲ್ಲಿ ಕಾಣುವುದಿಲ್ಲ. ಐದನೆಯ ಅಂಕದಲ್ಲಿ ಪಿಸ್ಟಲ್, ತನ್ನವಳು ಆಸ್ಪತ್ರೆಯಲ್ಲಿ ಗುಹ್ಯರೋಗದಿಂದ ಸತ್ತಳೆಂಬ ಸುದ್ದಿ ಬಂತು ಎನ್ನುತ್ತಾನೆ. ಅದರಲ್ಲೂ ಒಂದು ವಿಚಿತ್ರವಿದೆ. 1623ರ ಮುದ್ರಣದಲ್ಲಿ ಸತ್ತವಳ ಹೆಸರು ‘ನೆಲ್’ ಎಂದಿಲ್ಲ, ‘ಡಾಲ್’ ಎಂದಿದೆ. ಡಾಲ್ ಬೇರೆಯೇ ಹೆಂಗಸು. ಬರೆದವನ ಕೈತಪ್ಪೋ ಅಚ್ಚಿನವರ ತಪ್ಪೋ ಎಂದುಕೊಂಡು ಸಂಪಾದಕರು ಅನೇಕರು ತಿದ್ದಿ ‘ನೆಲ್’ ಎಂದು ಮಾಡುತ್ತಾರೆ. ಸತ್ತವಳು ಇವಳೋ ಅವಳೋ ಎಂದು ನಾಟಕಕ್ಕೇ ಖಚಿತವಿಲ್ಲ ನೋಡಿ!

ಆದರೆ ಯುದ್ಧದಲ್ಲಿ ಸತ್ತ ಗಂಡಸರ ಪಟ್ಟಿಯಲ್ಲಿ ತಪ್ಪಿಲ್ಲ. 1415ರ ಅಕ್ಟೋಬರ್ 25ರ ಅಜಿನ್‌ಕೂರ್ ಯುದ್ಧ ಮುಗಿದ ಮೇಲೆ ಹೆನ್ರಿ ಕಾಗದ ಹಿಡಿದು ಓದುತ್ತಾನೆ. ಸತ್ತ ಫ್ರೆಂಚರು 10,000. ಸತ್ತ ಶ್ರೀಮಂತರ ಹೆಸರುಗಳನ್ನು ಬಿರುದು ಬಾವಲಿಗಳ ಸಹಿತ ಓದುತ್ತಾನೆ. ಇಂಗ್ಲಿಷರಲ್ಲಿ ಹೆಸರಿರುವವರು ನಾಲ್ವರು, ಉಳಿದಂತೆ 25 ಜನ. ಆ 25 ಜನಕ್ಕೆ ಹೆಸರಿಲ್ಲ. ಅವರ ಹೆಂಡಿರಿಗೆ ಸಂಖ್ಯೆಯೂ ಇಲ್ಲ.

ಆ ಹೆಂಡಿರನ್ನು ನಾಟಕದಲ್ಲಿ ನೆನೆಯುವವನು ಮೈಕೇಲ್ ವಿಲಿಯಮ್ಸ್ ಎಂಬ ಸಾಮಾನ್ಯ ಸಿಪಾಯಿ. ಯುದ್ಧದ ಹಿಂದಿನ ರಾತ್ರಿ ವೇಷ ಮರೆಸಿಕೊಂಡು ಬಂದ ರಾಜನಿಗೇ, ಅವನು ರಾಜನೆಂದು ತಿಳಿಯದೆ, ಕೇಳುತ್ತಾನೆ: ಈ ಯುದ್ಧದ ಕಾರಣ ನ್ಯಾಯವಾದದ್ದಲ್ಲದಿದ್ದರೆ, ಕಡಿದುಬಿದ್ದ ಕೈಕಾಲುಗಳೆಲ್ಲ ಕಡೆಯ ದಿನ ಎದ್ದು ಬಂದು ಲೆಕ್ಕ ಕೇಳುವುದಿಲ್ಲವೇ? ಸಾಯುವಾಗ ಒಬ್ಬ ಬಡತನಕ್ಕೆ ಬಿಟ್ಟುಬಂದ ಹೆಂಡತಿಯನ್ನು, ಒಬ್ಬ ತೀರಿಸದ ಸಾಲವನ್ನು, ಒಬ್ಬ ಎಳೆಯ ಮಕ್ಕಳನ್ನು ನೆನೆದು ಕೂಗುತ್ತಾನಲ್ಲ ಎಂದು. ರಾಜ ಉದ್ದಕ್ಕೆ ಉತ್ತರ ಕೊಡುತ್ತಾನೆ. ಪ್ರತಿಯೊಬ್ಬನ ಆತ್ಮ ಅವನವನ ಹೊಣೆ, ಪಾಪ ಮಾಡಿದವನ ಪಾಪಕ್ಕೆ ರಾಜ ಜವಾಬ್ದಾರನಲ್ಲ ಎನ್ನುತ್ತಾನೆ. ಕೇಳಿದ್ದು ಹೆಂಡತಿ, ಸಾಲ, ಮಕ್ಕಳ ವಿಷಯ. ಉತ್ತರ ಬಂದದ್ದು ಆತ್ಮದ ವಿಷಯ. ಈ ಭಾಷಣವನ್ನು ‘ರಾಜನ ವಿವೇಕ’ ಎಂಬ ತಲೆಬರಹದಡಿ ನಾನು ಬರೆಸುತ್ತಿದ್ದೆ. ಇದು ವಿವೇಕವಲ್ಲ, ಜಾರಿಕೊಳ್ಳುವುದು.

ಈಗ ಮೊನ್ನೆಯ ದೃಶ್ಯಕ್ಕೆ ಬರೋಣ. ಸಂಧಾನದ ಷರತ್ತುಗಳ ಪಟ್ಟಿ ತಯಾರಾಗಿದೆ. ಹೆಂಗಸಿನ ಮಾತೂ ಕೆಲಸಕ್ಕೆ ಬರಬಹುದೆಂದು ರಾಣಿ ಇಸಾಬೆಲ್ ಷರತ್ತಿನ ಚರ್ಚೆಗೆ ಗಂಡಸರ ಜೊತೆ ಒಳಗೆ ಹೋಗುತ್ತಾಳೆ. ಹೋಗುವಾಗ ಮಗಳನ್ನು ಗೆದ್ದವನ ಬಳಿ ಬಿಟ್ಟುಹೋಗಬೇಕಾಗುತ್ತದೆ, ಏಕೆಂದರೆ ಷರತ್ತುಗಳಲ್ಲಿ ಅವಳೇ ಮೊದಲನೆಯದು. ಹೆನ್ರಿಯೇ ಹಾಗೆ ಹೇಳುತ್ತಾನೆ. ಆಮೇಲೆ ಅವನು ಅವಳೆದುರು ತಾನು ಒರಟು ಸಿಪಾಯಿ, ಮಾತು ಬಾರದವನು ಎನ್ನುತ್ತಾ ಪುಟಗಟ್ಟಲೆ ಮಾತಾಡುತ್ತಾನೆ. ಫ್ರಾನ್ಸಿನ ಶತ್ರುವನ್ನು ನಾನು ಪ್ರೀತಿಸಲು ಸಾಧ್ಯವೇ ಎಂದು ಅವಳು ಕೇಳುತ್ತಾಳೆ. ಎಷ್ಟು ನೇರ ಪ್ರಶ್ನೆ! ಅವನು, ಫ್ರಾನ್ಸನ್ನು ನಾನು ಎಷ್ಟು ಪ್ರೀತಿಸುತ್ತೇನೆಂದರೆ ಅದರ ಒಂದು ಹಳ್ಳಿಯನ್ನೂ ಬಿಟ್ಟುಕೊಡಲಾರೆ ಎಂದು ಮಾತು ತಿರುಗಿಸುತ್ತಾನೆ. ನನ್ನನ್ನು ಒಪ್ಪುತ್ತೀಯಾ ಎಂದರೆ ಅವಳು ನನ್ನ ತಂದೆಯ ಇಷ್ಟ ಎನ್ನುತ್ತಾಳೆ. ಅವರಿಗೆ ಇಷ್ಟವಾಗಿಯೇ ಆಗುತ್ತದೆ ಎಂದು ಅವನು ಮುಗಿಸುತ್ತಾನೆ. ಚೌಕಿಯಲ್ಲಿ ಜಮಖಾನ ಹಾಸಿ, ಉಪ್ಪಿಟ್ಟು ಕೇಸರಿಭಾತು ಕೊಟ್ಟು, ಎಲ್ಲ ಮಾತುಕತೆ ಮುಗಿದ ಮೇಲೆ, “ಹುಡುಗೀನೂ ಒಂದ್ಮಾತು ಕೇಳಿಬಿಡಿ” ಎನ್ನುವುದಿಲ್ಲವೇ, ಅದೇ.

ಇಲ್ಲಿ, ಗೆಳತಿಯರೇ, ನಾನು ಇಪ್ಪತ್ತು ವರ್ಷ ಕಣ್ಣಿದ್ದೂ ಕಾಣದ ಸಾಲುಗಳಿವೆ. ಅವನು ಅವಳ ಕೈಗೆ ಮುತ್ತಿಡಲು ಹೋಗುತ್ತಾನೆ. ಅವಳು ಬಿಡಿ, ಬಿಡಿ ಎನ್ನುತ್ತಾಳೆ. ಹಾಗಾದರೆ ತುಟಿಗೇ ಮುತ್ತಿಡುತ್ತೇನೆ ಎನ್ನುತ್ತಾನೆ. ಮದುವೆಗೆ ಮುಂಚೆ ಮುತ್ತು ಕೊಡುವುದು ಫ್ರಾನ್ಸಿನ ಕನ್ಯೆಯರ ಪದ್ಧತಿಯಲ್ಲ ಎನ್ನುತ್ತಾಳೆ. ಅವನಿಗೆ ಫ್ರೆಂಚ್ ಅರ್ಥವಾಗದೆ ಆಲಿಸ್ ತಡವರಿಸುತ್ತ ಇಂಗ್ಲಿಷಿನಲ್ಲಿ ತಿಳಿಸುತ್ತಾಳೆ. ಅರ್ಥವಾದ ಮೇಲೆ ಅವನೇನು ಮಾಡುತ್ತಾನೆ? ಪದ್ಧತಿಗಳು ರಾಜರ ಮುಂದೆ ತಲೆಬಾಗುತ್ತವೆ ಎಂದು ಹೇಳಿ, ಮುತ್ತಿಟ್ಟೇಬಿಡುತ್ತಾನೆ. ಅದರ ನಂತರ ನಾಟಕ ಮುಗಿಯುವವರೆಗೆ ಅವಳ ಬಾಯಿಂದ ಒಂದೇ ಒಂದು ಮಾತಿಲ್ಲ. ಹಿಂದಿರುಗಿ ಬಂದ ಗಂಡಸರು ಅವಳ ಎದುರಿಗೇ, ಅವಳಿಗೆ ಸರಿಯಾಗಿ ಬಾರದ ಭಾಷೆಯಲ್ಲಿ, ಅವಳನ್ನು ಕುರಿತು ಪೋಲಿ ಜೋಕು ಮಾಡುತ್ತಾರೆ. ಇನ್ನೂ ಗೆಲ್ಲದ ಕೋಟೆಗಳಿಗೂ ಕನ್ಯೆಗೂ ಹೋಲಿಕೆ ಕೊಟ್ಟು ನಗುತ್ತಾರೆ.

ಹಿಂದಿನ ಬೆಂಚಿನ ಹುಡುಗಿ ಕೇಳಿದ್ದಳಲ್ಲ, ಅವಳು ಬೇಡ ಅಂದಿದ್ದರೆ ಎಂದು? ಅವಳು ಬೇಡ ಎಂದಿದ್ದಾಳೆ. ಪುಸ್ತಕದಲ್ಲೇ ಇದೆ. ಗೈಡಿನವರು ಅದಕ್ಕೆ ‘ನಾಚಿಕೆ’ ಎಂದು ಹೆಸರಿಟ್ಟಿದ್ದರು. ನಾನು ನಂಬಿದ್ದೆ.

“ಅಯ್ಯೋ, ಅದು ನಾಟಕ, ಕಟ್ಟುಕತೆ, ಅದನ್ನು ಹಿಡಿದು ಯಾಕಿಷ್ಟು ಎಳೆಯುತ್ತೀರಿ?” ಎಂದು ಕೇಳುವವರಿಗೆ ನಾಟಕ ಬಿಟ್ಟುಬಿಟ್ಟ ಇತಿಹಾಸವನ್ನು ಹೇಳುತ್ತೇನೆ. ನಾಟಕ ಅಜಿನ್‌ಕೂರ್‌ನಿಂದ ನೇರವಾಗಿ ಮದುವೆಗೆ ಹಾರುತ್ತದೆ. ನಡುವೆ ಐದು ವರ್ಷಗಳಿವೆ. 1418ರ ಜುಲೈಯಿಂದ 1419ರ ಜನವರಿಯವರೆಗೆ ಹೆನ್ರಿ ರೂಆನ್ ನಗರಕ್ಕೆ ಮುತ್ತಿಗೆ ಹಾಕಿದ್ದ. ಊಟಕ್ಕಿಲ್ಲದೆ ನಗರದವರು ಹೆಂಗಸರು, ಮಕ್ಕಳು, ಮುದುಕರನ್ನು ಕೋಟೆಯಿಂದ ಹೊರಗೆ ಹಾಕಿದರು. ಅವರ ಸಂಖ್ಯೆ 12,000 ಎಂದು ಹೇಳುವುದುಂಟು. ಹೆನ್ರಿ ಅವರಿಗೆ ದಾರಿ ಬಿಡಲಿಲ್ಲ. ಚಳಿಗಾಲದ ಮಳೆಯಲ್ಲಿ, ಕೋಟೆಗೂ ಸೈನ್ಯಕ್ಕೂ ನಡುವಿನ ಕಂದಕದಲ್ಲಿ ಅವರು ಹಸಿದು ಸತ್ತರು. ಅಲ್ಲಿ ಹೆತ್ತ ತಾಯಂದಿರ ಕೂಸುಗಳನ್ನು ಬುಟ್ಟಿಯಲ್ಲಿಟ್ಟು ಮೇಲಕ್ಕೆಳೆದು, ದೀಕ್ಷಾಸ್ನಾನ ಮಾಡಿಸಿ, ಮತ್ತೆ ಕಂದಕಕ್ಕೇ ಇಳಿಸಿದರೆಂದು ಅಂದಿನ ಬರಹಗಳು ಹೇಳುತ್ತವೆ. ಒಳಗಿನ ಗಂಡಸರು ಹೊರಗೆ ನೂಕಿದರು, ಹೊರಗಿನ ಗಂಡಸರು ದಾರಿ ಬಿಡಲಿಲ್ಲ. ಯುದ್ಧ ಹೆಂಗಸರದ್ದಲ್ಲ ಎನ್ನುವವರು ಆ ಕಂದಕವನ್ನು ಒಮ್ಮೆ ನೆನೆಸಿಕೊಳ್ಳಲಿ.

ಅದೇ 1418ರಲ್ಲಿ ಫ್ರಾನ್ಸಿನಲ್ಲಿ ಕ್ರಿಸ್ತೀನ್ ದ ಪಿಜಾನ್ ಎಂಬ ಲೇಖಕಿ ಒಂದು ದೀರ್ಘ ಪತ್ರ ಬರೆದು ಮುಗಿಸಿದಳು. ಎಳೆಯ ವಯಸ್ಸಿನಲ್ಲೇ ಗಂಡ ತೀರಿಹೋಗಿ, ಬರೆದೇ ಸಂಸಾರ ಸಾಕಿದವಳು ಅವಳು. ಯುದ್ಧದಲ್ಲಿ ತಮ್ಮವರನ್ನು ಕಳೆದುಕೊಂಡ ಹೆಂಗಸರಿಗೆ ಸಮಾಧಾನ ಹೇಳುವ ಪತ್ರ ಅದು. ಅದನ್ನು ಉದ್ದೇಶಿಸಿದ್ದು ಮರೀ ದ ಬೆರಿ ಎಂಬಾಕೆಗೆ. ಅವಳ ಗಂಡ ಬೂರ್ಬೋನ್ ಪ್ರಾಂತ್ಯದ ಡ್ಯೂಕ್ ಅಜಿನ್‌ಕೂರ್‌ನಲ್ಲಿ ಸೆರೆಸಿಕ್ಕು 1434ರಲ್ಲಿ ಇಂಗ್ಲೆಂಡಿನ ಸೆರೆಯಲ್ಲೇ ಸತ್ತ. ನಾಟಕದಲ್ಲಿ ಬರುವ ಸೆರೆಸಿಕ್ಕವರ ಪಟ್ಟಿಯಲ್ಲಿ ಆ ಗಂಡನ ಹೆಸರಿದೆ. ಹೆಂಡತಿಯನ್ನು ಕಾಣಬೇಕಾದರೆ ಒಬ್ಬ ಹೆಂಗಸು ಬರೆದದ್ದನ್ನೇ ಹುಡುಕಿ ಓದಬೇಕು. ನಾನು ಓದಿದ್ದು ನಿವೃತ್ತಳಾದ ಮೇಲೆ.

ಕ್ಯಾಥರೀನಳ ಮುಂದಿನ ಕತೆಯನ್ನೂ ಕೇಳಿ. ಅಜಿನ್‌ಕೂರ್ ಯುದ್ಧದ ದಿನ ಅವಳಿಗೆ 14 ತುಂಬಲು ಎರಡು ದಿನ ಬಾಕಿ ಇತ್ತು. 1420ರ ಜೂನ್‌ನಲ್ಲಿ ಮದುವೆ. 1421ರ ಡಿಸೆಂಬರಿನಲ್ಲಿ ಮಗ ಹುಟ್ಟಿದ. ಯುದ್ಧದಲ್ಲಿದ್ದ ಹೆನ್ರಿ ಮಗನ ಮುಖ ನೋಡಲೇ ಇಲ್ಲ. 1422ರ ಆಗಸ್ಟ್ 31ರಂದು ಸತ್ತ. ಅವಳು ಇಪ್ಪತ್ತರ ವಿಧವೆ. ರಾಜನ ಒಪ್ಪಿಗೆಯಿಲ್ಲದೆ ರಾಜಮಾತೆ ಮರುಮದುವೆಯಾಗಬಾರದೆಂದು 1427–28ರಲ್ಲಿ ಕಾನೂನೇ ಬಂತು. ಆ ರಾಜ ಅವಳ ಮಡಿಲ ಕೂಸು! ಆದರೂ ಅವಳು ಓವೆನ್ ಟ್ಯೂಡರ್ ಎಂಬುವನನ್ನು ಗುಟ್ಟಾಗಿ ಮದುವೆಯಾದಳು. ಇದೊಂದು ಮದುವೆಯನ್ನಾದರೂ ಯಾರ ಷರತ್ತಿನ ಪಟ್ಟಿಯಲ್ಲೂ ಬರೆಯದೆ ಮಾಡಿಕೊಂಡಳಲ್ಲ ಎಂದು ನನಗೆ ಸಂತೋಷ. 1437ರಲ್ಲಿ, 35ನೆಯ ವಯಸ್ಸಿಗೆ ತೀರಿಕೊಂಡಳು. ಮುಂದೆ ಕಟ್ಟಡದ ಕೆಲಸಕ್ಕಾಗಿ ಅವಳ ಗೋರಿ ತೆಗೆದವರು ಮತ್ತೆ ಮುಚ್ಚಲಿಲ್ಲ. ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಅವಳ ಒಣಗಿದ ದೇಹ ತಲೆಮಾರುಗಳ ಕಾಲ ನೋಡುವವರ ನೋಟಕ್ಕೆ ಬಿದ್ದಿತ್ತು. 1669ರ ಫೆಬ್ರವರಿ 23ರಂದು ಸ್ಯಾಮ್ಯುಯೆಲ್ ಪೀಪ್ಸ್ ಎಂಬಾತ ತನ್ನ ಹುಟ್ಟುಹಬ್ಬದ ದಿನ ಆ ದೇಹವನ್ನು ಎತ್ತಿ ತುಟಿಗೆ ಮುತ್ತಿಟ್ಟು, ರಾಣಿಗೆ ಮುತ್ತಿಟ್ಟೆ ಎಂದು ದಿನಚರಿಯಲ್ಲಿ ಬರೆದುಕೊಂಡ. 1878ರಲ್ಲಿ ಅವಳಿಗೆ ಕೊನೆಗೂ ಮಣ್ಣು ಸಿಕ್ಕಿತು. ಬದುಕಿದ್ದಾಗಲೂ ಸತ್ತ ಮೇಲೂ ಅವಳ ಒಪ್ಪಿಗೆ ಕೇಳಿದವರಿಲ್ಲ.

ಕೆಲವರು ಹೇಳುತ್ತಾರೆ, ಅದು ಆ ಕಾಲ, ಆ ಕಾಲದ ರೀತಿ, ಇಂದಿನ ಕಣ್ಣಿನಿಂದ ನೋಡಬಾರದು ಎಂದು. ನಾನು ಇಂದಿನ ಕಣ್ಣು ತರಲಿಲ್ಲ ಸ್ವಾಮಿ. ಬೇಡ ಎಂದ ಹುಡುಗಿ, ಲೆಕ್ಕ ಕೇಳಿದ ಸಿಪಾಯಿ, ಪಾದ ಮುಟ್ಟಿ ನೋಡಿದ ಹೆಂಗಸು, ಇವರೆಲ್ಲ ನಾಟಕದಲ್ಲೇ ಇದ್ದಾರೆ. ಷೇಕ್ಸ್‌ಪಿಯರ್ ಬರೆದಿದ್ದಾನೆ. ಅಷ್ಟೇ ಅಲ್ಲ, ಇವರ ಮಗನ ಕಾಲದಲ್ಲಿ ಗೆದ್ದ ಫ್ರಾನ್ಸೂ ಹೋಯಿತು, ಇಂಗ್ಲೆಂಡೂ ರಕ್ತ ಹರಿಸಿತು ಎಂದು ಕೊನೆಗೆ ಸೂತ್ರಧಾರನ ಬಾಯಲ್ಲಿ ಹೇಳಿಸಿಯೇ ತೆರೆ ಎಳೆದಿದ್ದಾನೆ. ನನ್ನ ಜಗಳ ಅವನ ಮೇಲಲ್ಲ. ಅವನ ನಾಟಕವನ್ನು ಸುಡಿ ಎಂದೂ ನಾನು ಹೇಳುವುದಿಲ್ಲ. ಅದನ್ನು ಬರೀ ರಾಜನ ನಾಟಕವಾಗಿ ಓದಿಸಿದ ನಮ್ಮಂಥ ಮೇಷ್ಟ್ರುಗಳ ಮೇಲೆ ನನ್ನ ಜಗಳ. ನಮ್ಮ ಕಂಪನಿ ನಾಟಕಗಳಲ್ಲಿ ಆರತಿ ತಟ್ಟೆ ಹಿಡಿದು ರಾಜನ ಹಣೆಗೆ ತಿಲಕವಿಟ್ಟು ಸೈಡ್‌ವಿಂಗಿಗೆ ಹೋದ ರಾಣಿ ಆಮೇಲೆ ಏನು ಮಾಡಿದಳೆಂದು ನಾವು ಕೇಳಿದ್ದೇವೆಯೇ? ಊರಾಚೆಯ ವೀರಗಲ್ಲಿಗೆ ಹೂವಿಡುವ ನಾವು ಪಕ್ಕದ ಮಾಸ್ತಿಕಲ್ಲಿನ ಬಳೆತೊಟ್ಟ ಕೈಯನ್ನು ನಿಂತು ನೋಡಿದ್ದೇವೆಯೇ?

ವಾರ್ಷಿಕೋತ್ಸವದ ಮರುದಿನ ನಮ್ಮ ಹುಡುಗಿ ಮನೆಗೆ ಬಂದಳು. “ದೊಡ್ಡಜ್ಜೀ, ಹೇಗಿತ್ತು ನನ್ನ ಪಾರ್ಟು?” ಎಂದಳು. ಚೆನ್ನಾಗಿತ್ತು ಎಂದು ಹೇಳಿ ಕಳಿಸಬಹುದಿತ್ತು. ಈ ಸಲ ಹಾಗೆ ಮಾಡಲಿಲ್ಲ. ಪುಸ್ತಕ ತೆಗೆದು ಆ ಸಾಲುಗಳನ್ನು ತೋರಿಸಿದೆ. ಎರಡು ಸಲ ಓದಿದಳು. “ಮತ್ತೆ ನಂಗೆ ನಾಚ್ಕೋ ಅಂದ್ರಲ್ಲ?” ಎಂದಳು. “ನಮಗೂ ಹಾಗೇ ಅಂದಿದ್ರು ಕಣೇ. ನಾನೂ ಹಾಗೇ ಹೇಳಿಕೊಟ್ಟೆ” ಎಂದೆ. ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದು, “ಮುಂದಿನ ತಿಂಗಳು ಇಂಟರ್ ಕಾಲೇಜ್ ಸ್ಪರ್ಧೆ ಇದೆ. ಅಲ್ಲಿ ಒಂದು ಹೆಜ್ಜೆ ಹಿಂದೆ ಸರೀತೀನಿ. ಆಮೇಲೆ ಅವನ ಮುಖಾನೇ ನೋಡ್ತಾ ನಿಂತ್ಕೋತೀನಿ. ಮಾತು ಹೇಗೂ ಇಲ್ವಲ್ಲ” ಎಂದಳು. ಹಾಗೆ ಮಾಡಿದರೆ ಬಹುಮಾನ ಬರುತ್ತದೋ ಇಲ್ಲವೋ ನನಗೆ ತಿಳಿಯದು.

1993ರ ಆ ಹುಡುಗಿ ಈಗ ಐವತ್ತು ದಾಟಿರಬೇಕು. ಎಲ್ಲಿದ್ದಾಳೋ, ಈ ಪುಸ್ತಕ ಅವಳ ಕೈಗೆ ಬರುತ್ತದೋ ಇಲ್ಲವೋ. ಬಂದರೆ, ಅಮ್ಮಾ, ಅಂದು ನಕ್ಕದ್ದಕ್ಕೆ ಕ್ಷಮಿಸು. ನಿನ್ನ ಪ್ರಶ್ನೆಗೆ ಉತ್ತರ ಇದು: ಅವಳು ಬೇಡ ಎಂದಳು, ಅವನು ಕೇಳಿಸಿಕೊಳ್ಳಲಿಲ್ಲ. ಬೇಡ ಎನ್ನಲು ಜಾಗವಿಲ್ಲದ ಕಡೆ ಹೂಂ ಎಂದದ್ದು ಒಪ್ಪಿಗೆಯಲ್ಲ. ಇಷ್ಟನ್ನು ಅಂದು ಬೋರ್ಡಿನ ಮೇಲೆ ಬರೆದಿದ್ದರೆ ನನ್ನ ಸಂಬಳಕ್ಕೆ ನ್ಯಾಯ ಸಲ್ಲುತ್ತಿತ್ತು.